ಡೀಫಾಲ್ಟ್ ದೊರೆಗೆ ಚಿತ್ರದುರ್ಗ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಶ್ರೀಮಾನ್ ಇಎನ್-ಯುಎಸ್ ಲೊಕೇಲ್ ಅವರಿಗೆ,

ಹೊಸದುರ್ಗದ ಡೇಟಾ ಎಂಟ್ರಿ ಆಪರೇಟರ್ ಒಬ್ಬನ ಸಾಷ್ಟಾಂಗ ನಮಸ್ಕಾರಗಳು.

1779ರಲ್ಲಿ ಹೈದರಾಲಿ ಕೋಟೆ ಹಿಡಿದ ಮೇಲೆ ಚಿತ್ರದುರ್ಗದಲ್ಲಿ ಪಾಳೇಗಾರಿಕೆ ಮುಗಿಯಿತೆಂದು ನಂಬಿದ್ದೆವು. ಕಂಪ್ಯೂಟರ್ ಬಂದ ಮೇಲೆ ಗೊತ್ತಾಯಿತು, ಗಾದಿ ಖಾಲಿ ಇರಲಿಲ್ಲ. ತಮ್ಮನ್ನು ಯಾರೂ ಆರಿಸಲಿಲ್ಲ. ಇನ್‌ಸ್ಟಾಲ್ ಮಾಡಿದವನು ಓದದೆ 'ನೆಕ್ಸ್ಟ್' ಒತ್ತಿದ, ತಾವು ಪಟ್ಟಕ್ಕೆ ಬಂದಿರಿ.

ನಮ್ಮ ಹಿರಿಯರಲ್ಲಿ ಬಹಳ ಮಂದಿ ಹುಟ್ಟಿದ್ದು ಜೂನ್ 1ರಂದು. ತಾಯಿ ಹೆತ್ತದ್ದು ಮಳೆಗಾಲದಲ್ಲೋ ಸುಗ್ಗಿಯಲ್ಲೋ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ದಯಪಾಲಿಸಿದ್ದು ಆ ದಿನವನ್ನು. ಅದನ್ನು 01-06 ಎಂದು ತುಂಬಿದರೆ, ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲು ಓದುವ ತಾವು ಜನವರಿ 6 ಮಾಡುತ್ತೀರಿ. ಹುಟ್ಟು ಹಿಂದೆ ಸರಿದರೆ ನಿವೃತ್ತಿಯೂ ಹಿಂದೆ ಸರಿಯುತ್ತದೆ, ಸ್ವಾಮಿ! ತಮ್ಮ ಸ್ನೇಹಿತ ಜಾವಾಸ್ಕ್ರಿಪ್ಟ್ ಇನ್ನೂ ಒಂದು ಕೈ ಮೇಲು. ನಮ್ಮ ಜೂನ್ 1ರ ನಡುರಾತ್ರಿಯನ್ನು ಐಎಸ್‌ಒ ರೂಪದಲ್ಲಿ ಕೊಡಪ್ಪ ಎಂದರೆ, ಐದೂವರೆ ಗಂಟೆ ಕಳೆದು ಮೇ 31ರ ಸಂಜೆ 18:30 ಎಂದು ಕೈಗಿಡುತ್ತಾನೆ. ಹೆಡ್‌ಮಾಸ್ಟರು ಒಂದೇ ಸಲ ಹುಟ್ಟಿಸಿದ್ದರು. ನೀವಿಬ್ಬರೂ ಸೇರಿ ಇನ್ನೆರಡು ಸಲ.

ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳ ನೀರಿನ ಮಟ್ಟವನ್ನು 1/9/2022, 2/9/2022, 3/9/2022 ಎಂದು ಎಕ್ಸೆಲ್‌ಗೆ ಹಾಕಿ ನೋಡಿ. ತಾವು ಅದನ್ನು ಜನವರಿ 9, ಫೆಬ್ರುವರಿ 9, ಮಾರ್ಚ್ 9 ಎಂದು ಡಿಸೆಂಬರ್‌ವರೆಗೆ ಹರಡುತ್ತೀರಿ. 89 ವರ್ಷ ಕಾದ ಅಣೆಕಟ್ಟು ತಮ್ಮ ಗ್ರಾಫಿನಲ್ಲಿ ತಿಂಗಳಿಗೊಮ್ಮೆ, ಅದೂ ಒಂಬತ್ತನೇ ತಾರೀಖಿಗೇ ತುಂಬುತ್ತದೆ. 13/9/2022ರಿಂದಾಚೆಗೆ ಹದಿಮೂರನೇ ತಿಂಗಳು ಸಿಗದೆ, ತಾರೀಖುಗಳೆಲ್ಲ ಬರೀ ಅಕ್ಷರಗಳಾಗಿ ಕಾಲಮ್ಮಿನ ಎಡಗೋಡೆಗೆ ಒರಗುತ್ತವೆ. ಸರಿಯಾಗಿ ಉಳಿಯುವುದು 9/9 ಒಂದೇ. ಅದೂ ತಮ್ಮ ಕೃಪೆಯಲ್ಲ.

ತಪ್ಪು ಮಾಡಿ ಕೂಗಿಕೊಂಡರೆ ಹಿಡಿಯಬಹುದಿತ್ತು. ತಾವು ಕೆಂಪು ಗೆರೆ ಎಳೆಯುವುದಿಲ್ಲ, ಕೆಮ್ಮುವುದೂ ಇಲ್ಲ. ತಮ್ಮ ಮೇಲೆ ಕೋಪವಿಲ್ಲದವರೆಂದರೆ ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರು ಮಾತ್ರ. ಸಾಲದ ಕಂತಿನ ಗಡುವು 10-04 ಎಂದಿದ್ದರೆ ತಾವು ಅಕ್ಟೋಬರ್ 4ರವರೆಗೆ ಪುರಸೊತ್ತು ಕೊಡುತ್ತೀರಿ. ಇಂಥ ಉದಾರ ದೊರೆಯನ್ನು ಅವರು ಕಂಡಿರಲಿಕ್ಕಿಲ್ಲ.

ತಾರೀಖು ಬರೆಯುವುದನ್ನು ನಮಗೆ ಕಲಿಸಬೇಕಾಗಿಲ್ಲ. ಈ ನಾಡಿನ ಕಲ್ಲು ಕಡೆಯುವವನು ಶಕವರ್ಷ ಕೆತ್ತಿದ ಮೇಲೆ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರವನ್ನೂ ಸೇರಿಸುತ್ತಿದ್ದ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತಿತ್ತು. ಶಾಸನತಜ್ಞರು ಇಂದಿಗೂ ಹಾಗೆಯೇ ತಾಳೆ ನೋಡುತ್ತಾರೆ. ಉಳಿ ಹಿಡಿದವನಿಗೆ ಇದ್ದ ಸಂದೇಹ ಕೀಬೋರ್ಡ್ ಹಿಡಿದವನಿಗೆ ಇಲ್ಲ.

ಆದ್ದರಿಂದ ಬೇಡಿಕೆಗಳು ಮೂರೇ. ಯಂತ್ರ ಯಂತ್ರಕ್ಕೆ ಬರೆಯುವಾಗ 1988ರಿಂದ ಇರುವ ಐಎಸ್‌ಒ 8601ರಂತೆ ವರ್ಷ-ತಿಂಗಳು-ದಿನ ಇರಲಿ. ಮನುಷ್ಯರಿಗೆ ತೋರಿಸುವಾಗ ತಿಂಗಳನ್ನು ಹೆಸರು ಹಿಡಿದು ಕರೆಯಿರಿ. ಫಾರ್ಮ್ಯಾಟ್ ಯಾವುದೆಂದು ಹೇಳದ ತಾರೀಖು ಬಂದರೆ ಊಹಿಸಬೇಡಿ, ವಾಪಸ್ ಕಳಿಸಿ.

ಒಪ್ಪದಿದ್ದರೆ ನಾಳೆಯಿಂದ ಪ್ರತಿ ಕಾಲಮ್ಮಿನಲ್ಲೂ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ತುಂಬುತ್ತೇನೆ. ಪಾರ್ಸ್ ಮಾಡಿಕೊಳ್ಳಿ.

ಇಂತಿ,
ತಮ್ಮ ಆಳ್ವಿಕೆಯ ಒಬ್ಬ ಒಲ್ಲದ ಪ್ರಜೆ