ಯಾವ ಕಚೇರಿ, ಸ್ವಾಮಿ?

ಕನ್ನಡಕ್ಕೆ ದೂರದೃಷ್ಟಿ ಇತ್ತು. ಹಾಡುಗಾರ ಹಾಡುವುದಕ್ಕೂ ಗುಮಾಸ್ತ ಕೂರುವುದಕ್ಕೂ ಅದು ಒಂದೇ ಹೆಸರಿಟ್ಟಿತು: ಕಚೇರಿ. ಮೂವತ್ತು ವರ್ಷ ನಾನು ಮೊದಲನೆಯದಕ್ಕಾಗಿ ಸಾಧನೆ ಮಾಡಿದೆ. ಈಗ ದಿನಕ್ಕೆ ಆರು ಗಂಟೆ ಎರಡನೆಯದರಲ್ಲಿ ಕೂತಿರುತ್ತೇನೆ. ಸಂಬಳವಿಲ್ಲ.

ಕಂಪ್ಯೂಟರ್ ಬಂದರೆ ಕಲಾವಿದ ಸ್ವತಂತ್ರನಾಗುತ್ತಾನೆ ಎಂದರು. ಕ್ಯಾಸೆಟ್ ಕಂಪನಿಯ ಬಾಗಿಲು ಕಾಯಬೇಕಿಲ್ಲ, ಮಧ್ಯವರ್ತಿ ಇರುವುದಿಲ್ಲ ಎಂದರು. ನಿಜವೇ. ಮಧ್ಯವರ್ತಿಯ ಕೆಲಸವೆಲ್ಲ ನನ್ನ ತಲೆಗೆ ಬಂತು. ಕಮಿಷನ್ ಮಾತ್ರ ಇನ್ಯಾರದೋ ಜೇಬಿಗೆ ಹೋಯಿತು.

ಬೆಳಿಗ್ಗೆ ಆರಕ್ಕೆ ಕ್ಯಾಲಿಫೋರ್ನಿಯಾದ ಹುಡುಗಿಗೆ ಪಾಠ. ಅಲ್ಲಿ ಇನ್ನೂ ನಿನ್ನೆಯ ಸಂಜೆ. ತಂಬೂರಿ ಹಾಕಿದರೆ ಜೂಮ್ ಅದನ್ನು ಫ್ಯಾನಿನ ಸದ್ದೆಂದು ತಿಳಿದು ಒರೆಸಿಹಾಕುತ್ತದೆ. ಶ್ರುತಿಯೇ ಗದ್ದಲ! ಅದಕ್ಕೊಂದು ಗುಂಡಿ ಇದೆ, 'ಒರಿಜಿನಲ್ ಸೌಂಡ್'. ಪ್ರತಿ ಪಾಠಕ್ಕೂ ಮೊದಲು ಅದು ಒತ್ತಿದೆಯೇ ಎಂದು ನೋಡಿಕೊಳ್ಳಬೇಕು. ಒತ್ತಿದರೂ ಇಬ್ಬರೂ ಕೂಡಿ ಹಾಡುವ ಹಾಗಿಲ್ಲ. ದನಿ ಸಮುದ್ರ ದಾಟಿ ಬರುವಷ್ಟರಲ್ಲಿ ತಾಳ ಒಂದು ಪೆಟ್ಟು ಮುಂದೆ ಹೋಗಿರುತ್ತದೆ. ಹುಡುಗಿಯ ತಾಯಿಗೆ ಪರಮ ಸಂತೋಷ. "ಒಳ್ಳೇ ಗುರುಕುಲದ ಥರಾನೇ ಇದೆ ಸರ್" ಎನ್ನುತ್ತಾರೆ.

ಆಮೇಲೆ ಧ್ವನಿಮುದ್ರಣ. ಸ್ಟುಡಿಯೋ ಹುಡುಗ ಪರದೆಯ ಮೇಲಿನ ಗೆರೆ ತೋರಿಸಿ ಕೇಳಿದ: "ಸರ್, ಇಲ್ಲಿ ಪಿಚ್ ಅಲ್ಲಾಡ್ತಿದೆ. ನೇರ ಮಾಡ್ಲಾ?" ಅದು ತೋಡಿಯ ಗಾಂಧಾರ. ಅದು ಹಾಗೆ ಅಲ್ಲಾಡಲಿ ಎಂದೇ ನನ್ನ ಗುರುಗಳು ನನ್ನನ್ನು ವರ್ಷಗಟ್ಟಲೆ ಬೈದಿದ್ದಾರೆ.

ಹಾಡನ್ನು ಲೋಕಕ್ಕೆ ತಲುಪಿಸಲು ವಿತರಣಾ ಕಂಪನಿಯೊಂದಕ್ಕೆ ಅರ್ಜಿ ತುಂಬಬೇಕು. ರಚನೆಕಾರರ ಮೊದಲ ಹೆಸರು? ಪುರಂದರ. ಕೊನೆಯ ಹೆಸರು? ಕಡ್ಡಾಯ. ಸರಿ, ದಾಸ. ರಚನೆಕಾರರ ಇಮೇಲ್? ಯೋಚಿಸಿ ಖಾಲಿ ಬಿಟ್ಟೆ. ಪ್ರತಿ ಹಾಡಿಗೂ ಹನ್ನೆರಡು ಅಕ್ಷರದ ಐಎಸ್‌ಆರ್‌ಸಿ ಸಂಕೇತ ಬೇಕು. ರಾಗ ಬರೆಯಲು ಜಾಗವಿಲ್ಲ, ತಾಳಕ್ಕೂ ಇಲ್ಲ. ಹಾಡಿನಲ್ಲಿ ಅಶ್ಲೀಲ ಪದಗಳಿವೆಯೇ ಎಂಬುದಕ್ಕೆ ಮಾತ್ರ ಉತ್ತರಿಸಲೇಬೇಕು. ಮಲಹರಿ ರಾಗದ ಪಿಳ್ಳಾರಿ ಗೀತೆಗೆ 'ಇಲ್ಲ' ಎಂದು ಪ್ರಮಾಣ ಮಾಡಿದೆ.

ಪಿಳ್ಳಾರಿ ಗೀತೆ ಗೊತ್ತಲ್ಲ? ಸರಳೆ, ಜಂಟಿವರಸೆ ಮುಗಿಸಿದ ಪ್ರತಿ ಮಗುವೂ ಕಲಿಯುವ ಮೊದಲ ಗೀತೆಗಳು. ಮಕ್ಕಳಿಗಿರಲಿ ಎಂದು ಅವನ್ನು ಹಾಡಿ ಒಂದು ವಿಡಿಯೊ ತಾಣಕ್ಕೂ ಏರಿಸಿದೆ. ಮರುದಿನವೇ ನೋಟಿಸು. ಇದು ತನ್ನ ಸ್ವತ್ತು ಎನ್ನುತ್ತಿದೆ ಯಾವುದೋ ಕಂಪನಿ. ಗಂಟಲು ನನ್ನದು, ಕೋಣೆ ನನ್ನದು, ಹಿನ್ನೆಲೆಯಲ್ಲಿ ಕೂಗಿದ ಕುಕ್ಕರ್ ಕೂಡ ನಮ್ಮದೇ.

ಈ ಗೀತೆಗಳನ್ನು ರಚಿಸಿದ ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ನಮ್ಮ 1957ರ ಕಾಯ್ದೆಯ ಪ್ರಕಾರ ರಚನೆಕಾರ ಸತ್ತು 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಆ ಕಾಯ್ದೆ ಆಗಲೇ ಇದ್ದಿದ್ದರೂ 1624ಕ್ಕೆ ಎಲ್ಲ ಮುಗಿದಿರಬೇಕಿತ್ತು. ಆದರೆ ಯಂತ್ರಕ್ಕೆ ಇತಿಹಾಸ ಬೇಕಿಲ್ಲ. ಅದು ಸ್ವರಕ್ಕೆ ಸ್ವರ ತಾಳೆ ನೋಡಿತು, ತಾಳೆಯಾಯಿತು. ಸಂಪ್ರದಾಯಬದ್ಧವಾಗಿ ಹಾಡಿದ್ದೇ ಕಳ್ಳತನಕ್ಕೆ ಸಾಕ್ಷಿ. ತಪ್ಪಾಗಿ ಹಾಡಿದ್ದರೆ ಬಚಾವಾಗುತ್ತಿದ್ದೆ. ಆಕ್ಷೇಪಣೆ ಸಲ್ಲಿಸಿದ್ದೇನೆ. ಉತ್ತರ ಕೊಡಲು ಕಂಪನಿಗೆ 30 ದಿನ. ನವಕೋಟಿ ನಾರಾಯಣ ಎನಿಸಿದ್ದ ದಾಸರು ಎಲ್ಲವನ್ನೂ ದಾನ ಮಾಡಿ ತಂಬೂರಿ ಹಿಡಿದು ಹೊರಟರು ಎಂದು ಕತೆ ಹೇಳುತ್ತೇವೆ. ಅವರ ಗೀತೆಯ ಜಾಹೀರಾತಿನ ಕಾಸು ಈಗ ಯಾರಿಗೆ ಹೋಗುತ್ತದೆ ಎಂದು ಮಕ್ಕಳು ಕೇಳದಿದ್ದರೆ ಸಾಕು.

ಸ್ಪಾಟಿಫೈನವರದು ಇನ್ನೂ ನೇರ. 2024ರಿಂದ ಹಾಡೊಂದನ್ನು ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿರದಿದ್ದರೆ ಅದಕ್ಕೆ ಬಿಡಿಗಾಸೂ ಇಲ್ಲ. ನನ್ನ ನಲವತ್ತು ನಿಮಿಷದ ಪಲ್ಲವಿಯನ್ನು 312 ಸಲ ಕೇಳಿದ್ದಾರೆ. ಅದರಲ್ಲಿ ಅರ್ಧ ನಮ್ಮ ಅತ್ತಿಗೆ.

ಸರ್ಕಾರಕ್ಕೂ ಹಾಸ್ಯಪ್ರಜ್ಞೆ ಇದೆ. ಶಾಸ್ತ್ರೀಯ ಸಂಗೀತದ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಸಂಭಾವನೆ ಪಡೆದರೆ ಜಿಎಸ್‌ಟಿ ಇಲ್ಲವಂತೆ. ಇಂಥ ವಿನಾಯಿತಿಯನ್ನು ನಾನು ಈ ಜನ್ಮದಲ್ಲಿ ಮೀರುವುದಿಲ್ಲ.

ಇನ್ನು ನಮ್ಮ ಸಭಾ ಕಾರ್ಯದರ್ಶಿಗಳು. ಎಲೆಕ್ಟ್ರಾನಿಕ್ ತಂಬೂರಿ ಬಂದಾಗ ಸಂಗೀತ ಸತ್ತೇಹೋಯಿತು ಎಂದು ಗೋಳಾಡಿದವರು. ಈಗ ಫೋನು ಮಾಡಿದರೆ ರಾಗ ಕೇಳುವುದಿಲ್ಲ, ಗುರು ಯಾರೆಂದು ಕೇಳುವುದಿಲ್ಲ. "ಫಾಲೋವರ್ಸ್ ಎಷ್ಟಿದ್ದಾರೆ ಸ್ವಾಮಿ?" ಸಂಭಾವನೆಯ ಮಾತೆತ್ತಿದರೆ, "ಲೈವ್ ಹೋಗತ್ತಲ್ಲ, ನಿಮಗೇ ಒಳ್ಳೇದು." ಅದೇ ಮಹನೀಯರು ಕಚೇರಿಯ ನಡುವೆ, ತನಿ ಆವರ್ತನಕ್ಕೆ ಮೊದಲು, ಮೈಕು ಹಿಡಿದು ಇಪ್ಪತ್ತು ನಿಮಿಷ ಭಾಷಣ ಮಾಡಿದರು. ವಿಷಯ: ಮೊಬೈಲಿನಿಂದ ನಮ್ಮ ಸಂಸ್ಕೃತಿಯ ಅವನತಿ. ಅದನ್ನು ಅವರ ಮಗ ಮೊಬೈಲಿನಲ್ಲಿ ನೇರಪ್ರಸಾರ ಮಾಡುತ್ತಿದ್ದ. ಭಾಷಣ ಉದ್ದವಾದ್ದರಿಂದ ತನಿಯನ್ನು ಐದು ನಿಮಿಷಕ್ಕೆ ಮುಗಿಸಿ ಎಂದು ಮೃದಂಗದವರಿಗೆ ಚೀಟಿ ಬಂತು. ಅವರು ನಕ್ಕು, ಐದೇ ನಿಮಿಷ ನುಡಿಸಿದರು.

ರಸಿಕರನ್ನು ಯಾಕೆ ಬಿಡಲಿ? ಮುಂದಿನ ಸಾಲಿನಲ್ಲಿ ಕೂತು ಫೋನೆತ್ತಿ ಇಡೀ ಭೈರವಿ ಚಿತ್ರೀಕರಿಸುತ್ತಾರೆ, ಕಣ್ಣಿನಿಂದ ಒಮ್ಮೆಯೂ ನೋಡದೆ. ಮರುದಿನ ವಾಟ್ಸಾಪಿನಲ್ಲಿ ಅದು ನನಗೇ ಬರುತ್ತದೆ, ಬೇರೆಯವರ ಹೆಸರಿನಲ್ಲಿ, 'ದೈವಿಕ' ಎಂಬ ಒಕ್ಕಣೆಯೊಂದಿಗೆ. ದೈವಕ್ಕೆ ಟಿಕೆಟ್ ಯಾಕೆ, ಅಲ್ಲವೇ?

ಮೊನ್ನೆ ಪಕ್ಕದ ಮನೆಯವರು ಕೇಳಿದರು: "ಏನ್ ಸಾರ್, ರಾತ್ರಿ ಒಂದು ಗಂಟೆಗೂ ಲೈಟ್ ಉರೀತಿತ್ತು, ಸಾಧನೇನಾ?" ಅಲ್ಲ. ಅರ್ಧ ಗಂಟೆಯ ಕಾಂಬೋಧಿಯನ್ನು ಮೂವತ್ತು ಸೆಕೆಂಡಿನ ರೀಲ್ ಮಾಡುತ್ತಿದ್ದೆ. ಷಡ್ಜ ಉಳಿಯಿತು. ಕಾಂಬೋಧಿ ಉಳಿಯಲಿಲ್ಲ.

ಭಾನುವಾರ ಸಂಜೆ ಆರಕ್ಕೆ ಕಚೇರಿ ಇದೆ, ಬನ್ನಿ. ಪ್ರವೇಶ ಉಚಿತ. ಪೋಸ್ಟರು ಮಾಡಿದ್ದು ನಾನೇ.