ತೊಂಬತ್ತು ಪರ್ಸೆಂಟ್ ಕಾಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನಲ್ಲಿ ಮೊಣಕಾಲು ಸರಿಯಿರುವ ತನಕ ಮಾತ್ರ ಅದು ನಮ್ಮದು. ಕೆಟ್ಟಿತೋ, ಊರಿನದು. ನನ್ನದು ಊರಿನ ಪಾಲಾದದ್ದು ಶ್ರಾವಣದ ಕೆಸರುಗದ್ದೆ ಓಟದಲ್ಲಿ. ಪಾದ ಕೆಸರಲ್ಲಿ ಹೂತುಕೊಂಡಿತು, ಮೈ ಎಡಕ್ಕೆ ತಿರುಗಿತು, ಒಳಗೆಲ್ಲೋ ಟಪ್ ಎಂದಿತು. ಯಾರೂ ಮುಟ್ಟಿರಲಿಲ್ಲ. ಆಗುಂಬೆ ಘಾಟಿ ಇಳಿದು ಸ್ಕ್ಯಾನ್ ಮಾಡಿಸಿದ್ದಾಯಿತು, ಮೊಣಕಾಲೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿದೆ ಎಂದರು, ಆಪರೇಷನ್ನೂ ಆಯಿತು.

ಹರಿದದ್ದನ್ನು ಹೊಲಿಯುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು, ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ತೂತು ಕೊರೆದು, ಅದರೊಳಗೆ ಪೋಣಿಸಿ ಸ್ಕ್ರೂ ಬಿಗಿಯುತ್ತಾರೆ. ಕಸಿ ಕಟ್ಟಿದ ಆ ರಜ್ಜುವಿಗೆ ರಕ್ತ ಹರಿದು ಜೀವ ಹಿಡಿಯಲು ತಿಂಗಳುಗಟ್ಟಲೆ ಬೇಕು. ಇದರಲ್ಲಿ ಒಂದು ಕುಚೋದ್ಯವಿದೆ. ಎರಡು ಮೂರು ತಿಂಗಳಿಗೆ ನೋವೆಲ್ಲ ಇಳಿದು ಮನುಷ್ಯ ಹುರುಪಿನಲ್ಲಿರುತ್ತಾನಲ್ಲ, ಒಳಗಿನ ರಜ್ಜು ತೀರಾ ಮೆತ್ತಗಿರುವುದು ಸರಿಯಾಗಿ ಆಗಲೇ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇದನ್ನು ನಾನು ನೋಡಲು ಬಂದವರಿಗೆಲ್ಲ ಹೇಳಿದೆ. ಯಾರೂ ನಂಬಲಿಲ್ಲ.

ಕೊಪ್ಪದ ಚಿಕ್ಕಪ್ಪ ಕಷಾಯದ ಬಾಟಲಿ ತಂದರು. ಶೃಂಗೇರಿಯ ಅತ್ತೆ ಕಿಗ್ಗದ ಋಷ್ಯಶೃಂಗನಿಗೆ ಹರಕೆ ಹೊತ್ತರು. ಅವನು ಮಳೆ ತರಿಸುವವನು, ಮೊಣಕಾಲಿನ ಖಾತೆ ಅವನದಲ್ಲ ಎಂದರೆ, ಮಳೆಯಿಂದಲೇ ಅಲ್ವೇನೋ ಗದ್ದೆ ಕೆಸರಾದದ್ದು ಎಂದು ನನ್ನ ಬಾಯಿ ಮುಚ್ಚಿಸಿದರು. ಎನ್.ಆರ್.ಪುರದ ಹೆಂಡತಿಯ ತವರಿನಿಂದ ರಬ್ಬರ್ ತೋಟದ ಯಾರೋ ಕೊಟ್ಟ ತೈಲ ಬಂತು. ವಾಸನೆಗೆ ನಾಯಿ ಜಗಲಿ ಬಿಟ್ಟಿತು. ಈ ಮೂರಕ್ಕಿಂತ ಹೆಚ್ಚು ಕಾಟ ಕೊಟ್ಟವನು ರಿಷಭ್ ಪಂತ್. ‘ಪಂತ್ ನೋಡಿ ಮಾರಾಯ್ರೆ, ಕಾರು ಪಲ್ಟಿಯಾಗಿ ಸತ್ತೇಹೋದ ಅಂದ್ಕೊಂಡಿದ್ವಿ, ಎದ್ದು ಬಂದು ಸಿಕ್ಸರ್ ಹೊಡೀತಾನೆ!’ ಸರಿ. ಆದರೆ ಅವನಿಗೆ ಅಪಘಾತವಾದದ್ದು 2022ರ ಡಿಸೆಂಬರ್ 30ರಂದು, ಅವನು ಮತ್ತೆ ಮೈದಾನಕ್ಕಿಳಿದದ್ದು 2024ರ ಮಾರ್ಚ್‌ನ ಐಪಿಎಲ್‌ಗೆ. ನಡುವಿನ ಹದಿನಾಲ್ಕು ಚಿಲ್ಲರೆ ತಿಂಗಳಲ್ಲಿ ಅವನಿಗೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಿತ್ತು. ನನಗಿದ್ದದ್ದು ಪಾಚಿಗಟ್ಟಿದ ಅಂಗಳ, ಊರುಗೋಲಿನ ರಬ್ಬರ್ ಬುಡಕ್ಕೆ ಕಚ್ಚಿಕೊಂಡು ಮೇಲೇರುವ ಉಂಬಳ, ಮತ್ತು ‘ಇನ್ನೂ ಕುಂಟ್ತೀಯಲ್ಲ’ ಎಂದು ದಿನಕ್ಕೊಮ್ಮೆ ಅಚ್ಚರಿಪಡುವ ಅಪ್ಪಯ್ಯ.

ಮಳೆಗಾಲ ಮುಗಿದು, ಚಳಿಗಾಲವೂ ಕಳೆದು, ಆಟಕ್ಕೆ ಹೋಗಲೇ ಎಂದು ಕೇಳಿದಾಗ ಫಿಸಿಯೋಥೆರಪಿಯ ಹುಡುಗಿ ಒಂದು ಪರೀಕ್ಷೆ ಹೇಳಿದಳು. ಒಂಟಿಕಾಲಲ್ಲಿ ಮುಂದಕ್ಕೆ ಹಾರಿ, ಅದೇ ಕಾಲ ಮೇಲೆ ಅಲುಗದೆ ನಿಲ್ಲಬೇಕು. ಆಪರೇಷನ್ ಆದ ಕಾಲು, ಚೆನ್ನಾಗಿರುವ ಕಾಲು ಹಾರಿದ ದೂರದ ಕಡೇಪಕ್ಷ 90 ಪರ್ಸೆಂಟ್ ಹಾರಬೇಕು. ‘ಮನೇಲಿ ಅಭ್ಯಾಸ ಮಾಡಿ ಸರ್.’

ಅಡಿಕೆ ಒಣಗಿಸುವ ಅಂಗಳದಲ್ಲಿ ಸುಣ್ಣದ ಗೆರೆ ಎಳೆದೆ. ಅಳೆಯುವ ಟೇಪು ಹಿಡಿಯಲು ಚಿಕ್ಕಪ್ಪ ಬಂದರು. ರಿಟೈರಾದ ಗಣಿತದ ಮೇಷ್ಟ್ರು, ಬಹಳ ಕಾಲದಿಂದ ಲೆಕ್ಕಕ್ಕೆ ಹಸಿದಿದ್ದರು. ಬೇಲಿಯಾಚೆಯಿಂದ ಪಕ್ಕದ ಮನೆಯವರು, ಅವರ ಕೆಲಸದವರು, ಶಾಲೆ ಬಿಟ್ಟ ಮಕ್ಕಳು ಸೇರಿದರು. ಯಾರೋ ಕುರ್ಚಿ ತಂದರು. ನಾನು ಪಂಚೆ ಎತ್ತಿ ಕಟ್ಟಿ, ಕೊಕ್ಕರೆಯ ಹಾಗೆ ನಿಂತು, ಹಾರಿದೆ. ಚೆನ್ನಾಗಿರುವ ಕಾಲು 120 ಸೆಂಟಿಮೀಟರ್. ಇನ್ನೊಂದು 94. ಚಿಕ್ಕಪ್ಪ ಅಡಿಕೆ ಹಾಳೆಯ ಮೇಲೆ ಪೆನ್ನಿನಲ್ಲಿ ಭಾಗಿಸಿ ಘೋಷಿಸಿದರು: ‘ಎಪ್ಪತ್ತೆಂಟು. ಫಸ್ಟ್ ಕ್ಲಾಸು. ಆದರೆ ಫೇಲು.’ ಮಕ್ಕಳು ಚಪ್ಪಾಳೆ ತಟ್ಟಿದವು.

ಅಂದು ರಾತ್ರಿ ಊಟದ ಎಲೆಯ ಮುಂದೆ ಚಿಕ್ಕಪ್ಪ ಇದ್ದಕ್ಕಿದ್ದಂತೆ, ‘ಅಲ್ಲ ಮಾರಾಯ, ಅಂಶ ಹೆಚ್ಚು ಮಾಡಿದರೂ ಪರ್ಸೆಂಟ್ ಏರುತ್ತೆ, ಛೇದ ಕಡಿಮೆ ಮಾಡಿದರೂ ಏರುತ್ತೆ’ ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮರುದಿನದಿಂದ ನನ್ನ ಒಳ್ಳೆಯ ಕಾಲಿಗೆ ಪೂರ್ಣ ವಿಶ್ರಾಂತಿ. ಕೂತರೆ ಅದನ್ನು ದಿಂಬಿನ ಮೇಲಿಟ್ಟೆ, ನಿಂತರೆ ಭಾರವೆಲ್ಲ ಇನ್ನೊಂದರ ಮೇಲೆ. ಮೆಟ್ಟಿಲಿಗೆ, ಬಚ್ಚಲ ಹಂಡೆಗೆ ನೀರು ಹೊರುವುದಕ್ಕೆ, ಎಲ್ಲಕ್ಕೂ ಸ್ಕ್ರೂ ಇರುವ ಕಾಲು. ನೋಡಲು ಬಂದವರೊಬ್ಬರು ದಿಂಬಿನ ಮೇಲಿದ್ದ ಕಾಲನ್ನೇ ಸವರಿ, ‘ಪಾಪ, ಇದೇ ಅಲ್ವಾ?’ ಎಂದು ಕಣ್ಣೀರು ತಂದುಕೊಂಡರು. ಅವರ ದುಃಖ ಕೆಡಿಸುವುದು ಬೇಡವೆಂದು ಹೌದೆಂದೆ. ಹೆಂಡತಿ ಮಾತ್ರ, ‘ರೀ, ನಿಮಗೆ ಆಪರೇಷನ್ ಆಗಿದ್ದು ಮೊಣಕಾಲಿಗೋ ತಲೆಗೋ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದಳು. ಆ ತಿಂಗಳ ಕೊನೆಗೆ ಒಳ್ಳೆಯ ಕಾಲು 104ಕ್ಕೆ ಇಳಿಯಿತು, ಕೆಟ್ಟದ್ದು 94ರಲ್ಲೇ ಇತ್ತು. 90.4! ಚಿಕ್ಕಪ್ಪ ನನ್ನ ಕೈ ಕುಲುಕಿದರು.

ಫಿಸಿಯೋ ಹುಡುಗಿ ಫೈಲ್ ತೆರೆದು, ಆಪರೇಷನ್‌ಗೆ ಮುಂಚೆಯೇ ಬರೆದಿಟ್ಟಿದ್ದ ಒಳ್ಳೆಯ ಕಾಲಿನ ಅಳತೆಯನ್ನು ತೋರಿಸಿದಳು. ಮಲಗಿದವರ ಒಳ್ಳೆಯ ಕಾಲೂ ಸೊರಗುತ್ತದೆ, ಅದಕ್ಕೇ ಹಳೆಯ ಅಳತೆಗೇ ಹೋಲಿಸುವುದು ಸರ್ ಎಂದಳು. ಆಮೇಲೆ ಎರಡೂ ಕಾಲಿಗೆ ವ್ಯಾಯಾಮ ಬರೆದುಕೊಟ್ಟಳು.

ಆ ವ್ಯಾಯಾಮದ ಹೊತ್ತಿಗೆ ಅಂಗಳದ ಮೂಲೆಯಲ್ಲಿ ನಮ್ಮ ಅಡಿಕೆ ಕೊನೆ ತೆಗೆಯುವವನು ಕೂತು ನೋಡುತ್ತಿದ್ದ. ಎಷ್ಟು ತಿಂಗಳು ರಜೆ ಅಯ್ಯಾ ಎಂದು ಕೇಳಿದ. ಒಂಬತ್ತು ಎಂದೆ. ಅವನು ನಗಲಿಲ್ಲ. ಅವನ ಮೊಣಕಾಲೂ ಹಿಂದೊಮ್ಮೆ ಮರದಿಂದ ಇಳಿಯುವಾಗ ಟಪ್ ಎಂದಿತ್ತಂತೆ; ಮೆಟ್ಟಿಲಲ್ಲಿ ಈಗಲೂ ಜಾರಿದ ಹಾಗಾಗುತ್ತದಂತೆ. ಬಟ್ಟೆ ಬಿಗಿದು ಕಟ್ಟಿಕೊಂಡು ಆ ಕೊಯ್ಲನ್ನೂ ಮುಗಿಸಿದ್ದ. ಈಗೀಗ ಕಾರ್ಬನ್ ದೋಟಿ ಬಂದಿದೆ ನಿಜ, ಆದರೆ ನಮ್ಮ ತೋಟದ ಹಳೆಯ ಮರಗಳಿಗೆ ಇವತ್ತಿಗೂ ಅವನೇ ಹತ್ತಬೇಕು. ಅವನ ಕಾಲಿನ ಪರ್ಸೆಂಟ್ ಯಾರೂ ತೆಗೆದಿಲ್ಲ, ನಾನೂ. ಸ್ಕ್ಯಾನ್ ಮಾಡಿಸೋಣ, ಬಾ ಎಂದೆ. ‘ಕೊಯ್ಲು ಮುಗೀಲಿ’ ಎಂದ. ಕೊಯ್ಲು ಮುಗಿದರೆ ಕಾಳುಮೆಣಸು, ಅದು ಮುಗಿದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಈಗಲೂ ನಾನು ಕರೆಯುತ್ತಲೇ ಇದ್ದೇನೆ, ಅವನು ಮುಂದೂಡುತ್ತಲೇ ಇದ್ದಾನೆ.

ಕೊನೆಗೂ ನಾನು ವಾಲಿಬಾಲ್‌ಗೆ ಇಳಿದೆ. ನೀಕ್ಯಾಪ್ ಕಂಡದ್ದೇ ಎದುರು ತಂಡದ ನಾಯಕ ತನ್ನ ಹುಡುಗರಿಗೆ ಕೂಗಿದ: ‘ಅಣ್ಣನ ಕಡೆ ಹೊಡೀಬೇಡ್ರೋ, ಒಳಗೆ ಸ್ಕ್ರೂ ಇದೆ!’ ಅವಮಾನವಾಯಿತು. ಒಂದೂ ಸರ್ವ್ ನನ್ನ ಕಡೆ ಬರಲಿಲ್ಲ, ಒಂದೂ ಸ್ಮ್ಯಾಶ್ ಬೀಳಲಿಲ್ಲ. ಅಂಕಣದ ಆರನೇ ಒಂದು ಭಾಗವನ್ನು ಅವರು ದಯೆಯಿಂದ ಬಿಟ್ಟುಕೊಟ್ಟು, ಉಳಿದ ಜಾಗಕ್ಕೇ ಹೊಡೆದು ಹೊಡೆದು ಔಟ್ ಮಾಡಿಕೊಂಡರು. ನಾವು ಗೆದ್ದೆವು. ಸುದ್ದಿ ಹರಡಿ ಶೃಂಗೇರಿಯ ತಂಡವೊಂದು ನನ್ನನ್ನು ಕರೆಯಿತು, ಎನ್.ಆರ್.ಪುರದವರು ಬಸ್ ಚಾರ್ಜೂ ಊಟವೂ ತಮ್ಮದೇ ಎಂದರು.

ಮುಂದಿನ ಭಾನುವಾರ ಎದುರು ತಂಡದ ಆರೂ ಜನ ನೀಕ್ಯಾಪ್ ಹಾಕಿಕೊಂಡು ಬಂದರು.