ಎರಡೂವರೆ ಗಂಟೆಯ ಅಮೆರಿಕ

ಶೃಂಗೇರಿ ಹತ್ತಿರದ ನಮ್ಮ ಬೇಗಾರಿನ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದು ರಸ್ತೆ ಬದಿಯ ಕಲ್ಲು ಮಾತ್ರ. ಮನುಷ್ಯರೆಲ್ಲ ಹೊತ್ತಿನ ಲೆಕ್ಕದವರು. ಅದರಲ್ಲೂ ಮಳೆಗಾಲದ ಹೊತ್ತು ಬೇರೆ, ಬೇಸಗೆಯ ಹೊತ್ತು ಬೇರೆ. ಸಹಕಾರ ಸಾರಿಗೆ ಬಸ್ಸುಗಳಿದ್ದ ಕಾಲದಲ್ಲಂತೂ ಡ್ರೈವರು ದಾರಿಯಲ್ಲಿ ಯಾರ ಮನೆಗೆ ಔಷಧಿ ಪೊಟ್ಟಣ ಕೊಡಬೇಕು ಎಂಬುದೂ ಲೆಕ್ಕದೊಳಗೇ ಬರುತ್ತಿತ್ತು. 2020ರಲ್ಲಿ ಅವು ನಿಂತವು.

ಪಕ್ಕದ ಮನೆ ಭಟ್ಟರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಮಗಳಿಂದ ಕರೆ ಬಂದಾಗ ಅವರು ಕೇಳಿದ್ದೂ ಹಾಗೇ: "ಎಷ್ಟು ಹೊತ್ತಿನ ದಾರಿ ಮಾರಾಯ?"

ಬೆಂಗಳೂರಿನಿಂದ ಸುಮಾರು 14,000 ಕಿಲೋಮೀಟರ್, ಹದಿನಾರು ಹದಿನೇಳು ಗಂಟೆ ಎಂದೆ. ಆದರೆ ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಬಿಟ್ಟಾಗ ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿಯುವ ವೇಳಾಪಟ್ಟಿ ಇತ್ತು. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. "ಅಂದ್ರೆ ಎರಡೂವರೆ ಗಂಟೆ! ನಮಗೆ ಶಿವಮೊಗ್ಗಕ್ಕೆ ಹೋಗ್ಲಿಕ್ಕೂ ಅಷ್ಟು ಬೇಕಲ್ಲ" ಎಂದರು ಭಟ್ಟರು. ಅಲ್ಲಗಳೆಯುವುದು ಹೇಗೆ?

ಶಿವಮೊಗ್ಗದ ಮಾತು ಬಂತಲ್ಲ, ಅಲ್ಲಿ 2023ರಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣವಾಯಿತು. ಘಟ್ಟದ ಕೆಳಗೆ ಬಜ್ಪೆಯಂತೂ 1951ರಿಂದಲೂ ಇದೆ. ಹಕ್ಕಿ ಹಾರಿದಂತೆ ಅಳೆದರೆ ಶೃಂಗೇರಿಗೆ ಎರಡೂ ಅರವತ್ತು ಚಿಲ್ಲರೆ ಕಿಲೋಮೀಟರ್. ಹಕ್ಕಿಗೆ ಘಾಟಿಯ ತಿರುವಿಲ್ಲ, ಹೊಟ್ಟೆ ತೊಳಸುವುದೂ ಇಲ್ಲ. ನಾವು ಮಾತ್ರ ಅಮೆರಿಕದ ವಿಮಾನಕ್ಕೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಿ, ಅಲ್ಲಿಂದ ಮತ್ತೆ ದೇವನಹಳ್ಳಿಯ ವಿಮಾನ ನಿಲ್ದಾಣದ ದಾರಿ ಹಿಡಿಯಬೇಕು.

ಸಾಮಾನು ಕಟ್ಟುವುದೇ ಒಂದು ಸಮಾರಾಧನೆ. ಸೂಟ್‌ಕೇಸನ್ನು ಅಡಿಕೆ ತೂಗುವ ತಕ್ಕಡಿಗೇ ನೇತುಹಾಕಿದರು. ವಿಮಾನದ ಮಿತಿ ಇಪ್ಪತ್ತಮೂರು ಕೆಜಿ ದಾಟಿತು. ಭಟ್ಟರ ಪಂಚೆ ಒಂದೊಂದಾಗಿ ಹೊರಬಂತು. ಬಾಯಿಗೆ ಪ್ಲಾಸ್ಟಿಕ್ ಸುತ್ತಿ ದಾರ ಬಿಗಿದ ಅಪ್ಪೆಮಿಡಿ ಭರಣಿ ಮಾತ್ರ ಅಲ್ಲಾಡಲಿಲ್ಲ. ಅದನ್ನು ಮುಟ್ಟುವ ಧೈರ್ಯ, ಭಟ್ಟರ ಹೆಂಡತಿ ಎದುರಿಗಿರುವಾಗ, ಯಾರಿಗಿದೆ?

ಅಷ್ಟರಲ್ಲಿ ಮೊಮ್ಮಗ ಶಾಲೆಯ ಭೂಗೋಳ ತಂದು ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ನಡುವೆ ದಾರ ಎಳೆದು ಹಿಡಿದ. ದಾರ ನೇರ ಉತ್ತರ ಧ್ರುವದ ಹತ್ತಿರ ಹೋಯಿತು. ಗೋಡೆಯ ನಕ್ಷೆ ನಂಬಿದವರಿಗೆ ಇದು ಸುತ್ತುದಾರಿ. ದುಂಡು ಭೂಮಿಯ ಮೇಲೆ ಇದೇ ಒಳದಾರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಆ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿಕೊಂಡು ತಂದರು. ಶನಿವಾರ ರಾತ್ರಿ ಅಲ್ಲಿಂದ ಹೊರಟು, ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸಿದರು.

"ನಡುವಿನ ಭಾನುವಾರ?"

ಆಕಾಶದಲ್ಲೇ ಕಳೆಯಿತು ಎಂದೆ. ಭಟ್ಟರು ಕವಳ ಮಡಿಸುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದರು.

"ಅವತ್ತು ಏಕಾದಶಿ ಬಿದ್ರೆ ಯಾವ ಊರಿನ ಪಂಚಾಂಗ ನೋಡಿ ಉಪವಾಸ ಮಾಡೋದು?"

ಒಳಗಿನಿಂದ ಹೆಂಡತಿಯ ಉತ್ತರ ಬಂತು: "ವಿಮಾನದಲ್ಲಿ ಊಟ ಕೊಡ್ತಾರಂತೆ. ಬೇಡ ಅನ್ನೋದಾದ್ರೆ ಈಗ್ಲೇ ಹೇಳಿ, ಮಗಳಿಗೆ ಫೋನ್ ಮಾಡ್ತೇನೆ."